ಮಲ್ಕಪ್ಪ ಕಾಂಕ್ರೀಟ್ ಪ್ಲ್ಯಾಂಟಿನ ಹಲ್ಲು ನೋಡಿದ್ದು

ಕಿಣ್ಣಿ ಸುಲ್ತಾನದ ಮಲ್ಕಪ್ಪನಿಗೆ ಬರುತ್ತಿದ್ದ ವಿದ್ಯೆ ಒಂದೇ, ಎತ್ತು ನೋಡುವುದು. ಸಂತೆಯಲ್ಲಿ ಅವನು ಎತ್ತಿನ ತುಟಿ ಸರಿಸಿ ಹಲ್ಲು ನೋಡಲು ಬಗ್ಗಿದನೆಂದರೆ ಮಾರುವವನು ಮನಸ್ಸಿನಲ್ಲೇ ದೇವರಿಗೆ ಕಾಯಿ ಹರಕೆ ಹೊರುತ್ತಿದ್ದ. ಆದರೆ ಕಾಲ ಕೆಟ್ಟಿತು. ಊರ ತುಂಬ ಟ್ರ್ಯಾಕ್ಟರ್ ಬಂದವು. ಟ್ರ್ಯಾಕ್ಟರಿಗೆ ಹಲ್ಲಿಲ್ಲ, ಸುಳಿಯಿಲ್ಲ, ಬಾಲದ ಮಾತಂತೂ ಬೇಡವೇ ಬೇಡ. ಇಂಥದ್ದನ್ನು ಜನ ಯಾವ ಧೈರ್ಯದ ಮೇಲೆ ಮನೆಗೆ ತರುತ್ತಾರೋ ಎಂದು ಮಲ್ಕಪ್ಪ ಬೆರಗಾಗುತ್ತಿದ್ದ. ಇಂಥ ಗಂಡನನ್ನು ತನ್ನಪ್ಪ ಯಾವ ಧೈರ್ಯದ ಮೇಲೆ ಆರಿಸಿದನೋ ಎಂದು ಅವನ ಹೆಂಡತಿ ರುಕ್ಮಿಣಿಬಾಯಿ ಬೆರಗಾಗುತ್ತಿದ್ದಳು. ಮನೆಯಲ್ಲಿ ಹಿಟ್ಟು ಬೇಳೆಗೆ ಕೊರತೆಯಿರಲಿಲ್ಲ. ಮಲ್ಕಪ್ಪನಿಗೆ ಇದ್ದ ಕೊರತೆ ಬೇರೆ. ಯಾರಾದರೂ ಬಂದು, "ಮಲ್ಕಪ್ಪ, ಜರಾ ನೋಡಿ ಹೇಳು" ಎಂದು ಕೇಳಬೇಕು. ಆ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು.

ಆಗ ಊರಿನ ಸಮುದಾಯ ಭವನದ ಗೋಡೆ ಎದ್ದು ಸ್ಲ್ಯಾಬಿನ ಮಾತು ಬಂತು. ಭವನ ಕಮಿಟಿಯ ಅಧ್ಯಕ್ಷ ಗುರುಶಾಂತನಿಗೆ ಆಳಂದದಲ್ಲಿ ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ, ಮನೆಯ ಮುಂದೆ ಬಿಳಿ ಬೊಲೆರೊ. ಇಷ್ಟು ದೊಡ್ಡ ಸ್ಲ್ಯಾಬಿಗೆ ಹೆಂಗಸರು ಬುಟ್ಟಿ ಹೊರುವುದು ಅಧ್ಯಕ್ಷರ ಘನತೆಗೆ ತಕ್ಕದ್ದಲ್ಲ, ರೆಡಿಮಿಕ್ಸೇ ಆಗಬೇಕು ಎಂದ. ಖಡಿ, ಉಸುಕು, ಸಿಮೆಂಟ್, ನೀರು ಎಲ್ಲವನ್ನೂ ಯಂತ್ರವೇ ತೂಗಿ, ಕಲಸಿ, ತಿರುಗುವ ಡ್ರಮ್ಮಿನ ಲಾರಿಗೆ ಸುರಿದು ಕಳಿಸುವ ಪ್ಲ್ಯಾಂಟುಗಳು ಸುತ್ತಮುತ್ತ ಮೂರಿದ್ದವು. ಆಳಂದದ ಬದಿಗೊಂದು, ಅಫಜಲಪುರಕ್ಕೊಂದು, ಜೇವರ್ಗಿಗೊಂದು. ದರ ಮೂರರದ್ದೂ ಹೆಚ್ಚುಕಡಿಮೆ ಸಮ. ಇಂಜಿನಿಯರ್ ಅರುಣಕುಮಾರ, "ಯಾರರೆ ಹೋಗಿ ಮಷಿನ್ ಹ್ಯಾಂಗ ಅವ ನೋಡಿ ಬರ್ರಿ, ಆಮ್ಯಾಲ ಒಂದು ಆರಿಸ್ರಿ" ಎಂದ. ಅಂದಿದ್ದೇ ತಡ, ಕಮಿಟಿಯ ಒಬ್ಬ ಸದಸ್ಯನಿಗೆ ಮೊಣಕಾಲು ನೋವು ಬಂತು, ಇನ್ನೊಬ್ಬನಿಗೆ ಬೀಗರ ಮನೆಯಲ್ಲಿ ಸೀಮಂತ ಬಂತು. ಆರಿಸಿದವನ ಹೆಸರು ಸ್ಲ್ಯಾಬ್ ಇರುವ ತನಕ ಇರುತ್ತದೆ, ಸ್ಲ್ಯಾಬ್ ಬಿರುಕು ಬಿಟ್ಟರೆ ಇನ್ನೂ ಹೆಚ್ಚು ಕಾಲ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಚಹಾದ ಹೋಟೆಲ್ಲಿನಲ್ಲಿ ಈ ಚರ್ಚೆ ನಡೆದಾಗ ಮೂಲೆಯಲ್ಲಿ ಕೂತಿದ್ದ ಮಲ್ಕಪ್ಪ ಬಾಯಿ ಹಾಕಿದ. "ಎತ್ತಾದ್ರೇನು ಮಷಿನ್ ಆದ್ರೇನ್ರಿ. ನಿಂತ ನಿಲವು ನೋಡಬೇಕು, ತಿನ್ನೋದು ನೋಡಬೇಕು, ಹಾಕೋದು ನೋಡಬೇಕು, ಹಲ್ಲು ನೋಡಬೇಕು. ಎಲ್ಲಾ ಒಂದ ಲೆಕ್ಕ."

ಗುರುಶಾಂತ ಚಹಾದ ಬಸಿಯನ್ನು ಕೆಳಗಿಟ್ಟ. ಹರಕೆಗೆ ಕುರಿ ಹುಡುಕುತ್ತಿದ್ದವನ ಮನೆಯ ಬಾಗಿಲಿಗೆ ಕುರಿ ತಾನೇ ಬಂದು ಒದರಿದಂತಾಗಿತ್ತು.

"ಹಂಗಾದ್ರ ಮಲ್ಕಪ್ಪ, ಜರಾ ನೀನ ನೋಡಿ ಹೇಳು."

ಮಲ್ಕಪ್ಪನ ಕಣ್ಣು ತುಂಬಿ ಬಂದವು. ಹೊಗೆಗೆ ಎಂದು ಹೇಳಿ ಒರೆಸಿಕೊಂಡ.

ಮನೆಯಲ್ಲಿ ರುಕ್ಮಿಣಿಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಛತ್ತು ಸೋರಿದ್ರ ನಿಮ್ಮ ಹೆಸರು ಹೇಳಾಕ ಕಳಸಾಕತ್ತಾರ. ಇಷ್ಟೂ ತಿಳಿಯೂದಿಲ್ಲೇನ್ರಿ ನಿಮಗ?"

"ಹೇಳ್ಲಿ ಬಿಡು ಬೇ. ಹೆಸರರೆ ಹೇಳ್ತಾರಲ್ಲ" ಎಂದ ಮಲ್ಕಪ್ಪ.

ಜೊತೆಗೆ ಮಲಂಗಸಾಬ ಹೊರಟ. ಹಿಂದೆ ಸಂತೆಯಲ್ಲಿ ಎತ್ತಿನ ದಲಾಲಿ ಮಾಡುತ್ತಿದ್ದವನು, ಈಗ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದ. ಮಲ್ಕಪ್ಪ ಎತ್ತು ನೋಡುವುದು, ಮಲಂಗಸಾಬ ಟವಲು ಹಾಸುವುದು, ಇದು ಅವರ ಹಳೆಯ ಜೋಡಿ. ಎತ್ತಿನ ವ್ಯಾಪಾರ ಬಾಯಿಯಿಂದ ಆಗುವಂಥದ್ದಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಒಂದು ಟವಲಿನ ಕೆಳಗೆ ಹೋಗಬೇಕು. ಬೆರಳು ಹಿಡಿದು ಬೆಲೆ ಕೇಳಬೇಕು, ಬೆರಳು ಹಿಡಿದು ಹೇಳಬೇಕು. ಬೆರಳು ಹೇಳುವುದು ಅಂಕಿ ಮಾತ್ರ, ಅದು ಸಾವಿರವೋ ಲಕ್ಷವೋ ಎಂಬುದನ್ನು ಮುಂದಿರುವ ಮಾಲು ನೋಡಿ ತಿಳಿಯಬೇಕು. ಹೂಂ ಅಂದರೆ ಮಾತು ಮುಗಿಯಿತು. ಆ ಮಾತು ತಿರುಗುವಂತಿಲ್ಲ, ಆ ಬೆಲೆಯನ್ನು ಹೆಂಡತಿಗೂ ಹೇಳುವಂತಿಲ್ಲ. ಬೇಡವೆನಿಸಿದರೆ ಹೂಂ ಅನ್ನುವ ಮೊದಲು ಕೈ ಹೊರಗೆ ತೆಗೆಯಬೇಕು. ಮಲ್ಕಪ್ಪನ ಬದುಕಿನಲ್ಲಿ ಗಟ್ಟಿಯಾಗಿ ಉಳಿದಿದ್ದ ಕಾಯ್ದೆ ಇದೊಂದೇ.

ಆಳಂದದ ಪ್ಲ್ಯಾಂಟಿನಲ್ಲಿ ಮಲ್ಕಪ್ಪ ಮೊದಲು ಸುತ್ತ ಒಂದು ಪ್ರದಕ್ಷಿಣೆ ಬಂದ. ಸಿಮೆಂಟ್ ತುಂಬುವ ಎತ್ತರದ ಸೈಲೋವನ್ನು ಎತ್ತಿನ ಡುಬ್ಬ ನೋಡುವಂತೆ ನೋಡಿ, "ಹಿಣಿಲು ಛಲೋ ಅದ" ಎಂದ. ಕಲಸುವ ಯಂತ್ರದ ಮುಚ್ಚಳ ತೆಗೆಸಿ ಒಳಗೆ ಇಣುಕಿದ. ಎರಡು ದಂಡಿಗೆಗಳು ಅಕ್ಕಪಕ್ಕ ಒಂದಕ್ಕೊಂದು ಎದುರಾಗಿ ತಿರುಗುವ ಯಂತ್ರವದು. ಬ್ಲೇಡುಗಳನ್ನು ಬೆರಳಿನಿಂದ ಸವರಿ, "ಜೋಡಿ ಸರಿಸಮ ಅದ, ಹಲ್ಲು ಇನ್ನೂ ಎಳೇವು. ಹೆಗಲು ಕೊಟ್ಟು ದುಡಿಯೋ ಜಾತಿ" ಎಂದು ತೀರ್ಮಾನಿಸಿದ. ತೋರಿಸುತ್ತಿದ್ದ ಹುಡುಗ ಸ್ಲಂಪ್ ಟೆಸ್ಟ್ ಮಾಡಿದ. ತಗಡಿನ ಡಬ್ಬಿಯಲ್ಲಿ ಹಸಿ ಕಾಂಕ್ರೀಟ್ ತುಂಬಿ ಬೋರಲು ಹಾಕಿ ಡಬ್ಬಿ ಎತ್ತಿದರೆ, ಗುಪ್ಪೆ ಎಷ್ಟು ಕುಸಿಯಿತು ಎಂದು ಅಳೆಯುತ್ತಾರೆ. ಮಲ್ಕಪ್ಪ ಕುಕ್ಕುರುಗಾಲಲ್ಲಿ ಕೂತು ಆ ಗುಪ್ಪೆಯನ್ನು ಬಹಳ ಹೊತ್ತು ನೋಡಿದ. "ಸಗಣಿ ಹದಾ ಅದ. ಹೊಟ್ಟಿ ಶುದ್ಧ ಅದ ಇದರದು" ಎಂದ. ಟವಲು ಹಾಸಿದಾಗ ಅಲ್ಲಿನ ಮ್ಯಾನೇಜರ್ ಕೈ ಹಿಂದಕ್ಕೆ ಎಳೆದುಕೊಂಡು ದರದ ಚೀಟಿ ಕೊಟ್ಟ. ಕೈ ಕೊಡದವನೊಂದಿಗೆ ಏನು ವ್ಯಾಪಾರ ಎಂದು ಮಲ್ಕಪ್ಪನಿಗೆ ಬೇಸರವಾಯಿತು.

ಅಫಜಲಪುರದ್ದು ಗಾಲಿಗಳ ಮೇಲೆ ನಿಂತ ಸಣ್ಣ ಪ್ಲ್ಯಾಂಟ್. ಇಂದು ಇಲ್ಲಿ, ನಾಳೆ ಇನ್ನೊಂದೂರಿಗೆ ಎಳೆದುಕೊಂಡು ಹೋಗುವಂಥದ್ದು. ಮಲ್ಕಪ್ಪ ಹಲ್ಲು ನೋಡುವ ತಂಟೆಗೇ ಹೋಗಲಿಲ್ಲ. "ಇದು ಮನಿ ಹಿಡಿದು ಇರೋ ದನ ಅಲ್ಲ. ಗ್ವಾದಲಿ ಬಿಟ್ಟು ಅಡ್ಡಾಡೋ ಚಾಳಿ ಅದ" ಎಂದ. ಅಲ್ಲಿಯ ಮ್ಯಾನೇಜರ್ ಟವಲಿನೊಳಗೆ ಕೈ ಹಾಕಿ ಬಹಳ ಪ್ರೀತಿಯಿಂದ ಕೈಕುಲುಕಿದ, ಬೆರಳು ಮಾತ್ರ ಕೊಡಲಿಲ್ಲ.

ಜೇವರ್ಗಿಯ ಪ್ಲ್ಯಾಂಟು ಮಲ್ಕಪ್ಪನಿಗೆ ದೂರದಿಂದಲೇ ಹಿಡಿಸಲಿಲ್ಲ. ಹೊಚ್ಚ ಹೊಸ ಹಳದಿ ಬಣ್ಣ ಬಳಿದಿದ್ದರು. ಸಂತೆಗೆ ಮುದಿ ಎತ್ತನ್ನು ಹೊಡೆದು ತರುವವನು ಕೋಡಿಗೆ ಬಣ್ಣ ಬಳಿಯುವುದು ಅವನಿಗೆ ಹೊಸದೇನಲ್ಲ. ಯಂತ್ರ ಚಾಲೂ ಮಾಡಿದಾಗ ಸೈಲೋದ ನೆತ್ತಿಯಿಂದ ಸಿಮೆಂಟಿನ ಧೂಳು ಭುಸ್ಸೆಂದು ಎದ್ದಿತು. "ದಮ್ಮು ಅದ" ಎಂದ ಮಲ್ಕಪ್ಪ. ಕಲಸುವ ಪರಾತದೊಳಗೆ ಇಣುಕಿದರೆ ಬ್ಲೇಡುಗಳು ಸವೆದು ಒಸಡಿಗೆ ಹತ್ತಿದ್ದವು. ಇಷ್ಟು ದೂರ ಒಯ್ದರೆ ಮಾಲು ದಾರಿಯಲ್ಲೇ ಗಟ್ಟಿಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಸತೀಶಕುಮಾರ, "ಔಷಧ ಹಾಕಿ ಕಳಸ್ತೀವ್ರಿ" ಎಂದ. ಮಲ್ಕಪ್ಪ ಮಲಂಗಸಾಬನ ಮುಖ ನೋಡಿದ. ಸಂತೆಯ ಮುಂಜಾನೆ ಎತ್ತಿಗೆ ಔಷಧ ಕುಡಿಸುವವರನ್ನೂ ಇಬ್ಬರೂ ಕಂಡಿದ್ದರು.

ಎತ್ತು ಬೇಡವಾದರೂ ಬೆಲೆ ಕೇಳಿ ಹೋಗುವುದು ಮರ್ಯಾದೆ. ಮಾರುವವನು ಮುನಿಸಿಕೊಂಡು ಬೈದರೆ ಬೈಯಲಿ ಎಂಬಂಥ ಬೆಲೆ ಕೇಳಬೇಕು, ಅವನು ಕೈ ಕೊಡವಬೇಕು, ಇಬ್ಬರೂ ಚಹಾ ಕುಡಿದು ಅಗಲಬೇಕು. ಮಲಂಗಸಾಬ ಟವಲು ಹಾಸಿದ. ಮಲ್ಕಪ್ಪ ಕೈ ಹಾಕಿ, ಒಂದು ಲಾರಿ ಮಾಲಿಗೆ ನಾಚಿಕೆಗೆಟ್ಟವರೂ ಕೇಳದಂಥ ಬೆಲೆ ಕೇಳಿ ಬೆರಳು ಹಿಡಿದ.

ಸತೀಶಕುಮಾರ ಹೂಂ ಅಂದ.

ಅವನದೇನೂ ತಪ್ಪಿರಲಿಲ್ಲ. ಪ್ಲ್ಯಾಂಟಿನ ಮಾಲೀಕ ಇಜೇರಿಯ ದೌಲತರಾಯ. ಹೈವೇ ಕೆಲಸ ಮುಗಿದ ಮೇಲೆ ಗಿರಾಕಿಯಿಲ್ಲದೆ ಇಡೀ ಪ್ಲ್ಯಾಂಟನ್ನೇ ಮಾರಲು ಕೂತಿದ್ದ. ಅಂದು ಬೆಳಿಗ್ಗೆಯೇ ಫೋನ್ ಮಾಡಿ, "ಇವತ್ತ ಪ್ಲ್ಯಾಂಟ್ ನೋಡಾಕ ಒಬ್ಬ ಗಿರಾಕಿ ಬರ್ತಾನ. ಸಾದಾ ಮನಷ್ಯಾ, ಭಾಳ ಮಾತಾಡೂದಿಲ್ಲಂತ. ಏನರೆ ಕೇಳಿದ್ರ ಹೂಂ ಅಂದು ಹಿಡಕೋ, ಉಳಿದದ್ದು ನಾ ಬಂದು ನೋಡ್ತೇನಿ" ಎಂದು ಹೇಳಿದ್ದ. ಆ ಗಿರಾಕಿ ಬರಲೇ ಇಲ್ಲ. ಬಂದವನು ಮಲ್ಕಪ್ಪ. ಸಾದಾ ಇದ್ದ, ಮಾತಾಡಲಿಲ್ಲ, ಬೆರಳು ಹಿಡಿದ. ಬೆಂಗಳೂರು ಕಡೆಯಿಂದ ಬಂದ ಸತೀಶಕುಮಾರನಿಗೆ ಬೆರಳಿನ ಲೆಕ್ಕ ಗೊತ್ತಿರಲಿಲ್ಲ, ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ವಾಪಸು ಬರುವಾಗ ಮಲ್ಕಪ್ಪ ಟಂಟಂನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬೇಡವಾದ ಎತ್ತಿಗೆ ಮರ್ಯಾದೆಗೆಂದು ಕೇಳಿದ ಬೆಲೆ ಕುದುರುವುದು ಎತ್ತು ನೋಡಿ ಹೇಳುವ ಪಾರಖಿಗಳು ಕನಸಿನಲ್ಲಿ ಕಂಡು ಬೆಚ್ಚುವ ಸಂಗತಿ. ಇನ್ನು ಆ ದಮ್ಮಿನ ಪ್ಲ್ಯಾಂಟಿನ ಮಾಲನ್ನೇ ಭವನಕ್ಕೆ ಸುರಿಯಬೇಕು. ಜಿಡಗಾದ ಹಾದಿ ಕಂಡಾಗ ಕೂತಲ್ಲಿಂದಲೇ ಮಠದ ದಿಕ್ಕಿಗೆ ಕೈ ಮುಗಿದ.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಪ್ಲ್ಯಾಂಟಿನಲ್ಲಿ ಲಾರಿ ಓಡಿಸುವ ಖಾಜಾನ ಅತ್ತೆಮನೆ ಕಿಣ್ಣಿ ಸುಲ್ತಾನವೇ. ಟವಲಿನ ಕೆಳಗೆ ಕೈ ಕೊಟ್ಟ ಮಲ್ಕಪ್ಪನ ಫೋಟೊ ತೆಗೆದು, 'ನಮ್ಮ ಹೊಸ ಮಾಲಕರು' ಎಂದು ವಾಟ್ಸಾಪಿನಲ್ಲಿ ಕಳಿಸಿದ್ದ.

ಮರುದಿನ ಹೋಟೆಲ್ಲಿನಲ್ಲಿ ಮಲ್ಕಪ್ಪನಿಗೆ ಬೆಂಚಿನ ಬದಲು ಕುರ್ಚಿ ಬಂತು. ಚಹಾ ಕಪ್ಪಿನಲ್ಲಿ ಬಂತು. ಮೂರು ತಾಲೂಕು ಸುತ್ತಿ ಬಂದವನಿಗೆ ಇದು ಸಹಜ ಎಂದು ಮಲ್ಕಪ್ಪ ಭಾವಿಸಿದ.

"ಎಷ್ಟಕ್ಕ ಆಯ್ತ್ರಿ ಮಲ್ಕಪ್ಪನವರ?" ಹೋಟೆಲ್ಲಿನವನು ಮೆಲ್ಲಗೆ ಕೇಳಿದ.

"ಟವಲಿನ ಕೆಳಗಿನ ಮಾತು ಹೇಳಬಾರದ್ರಿ" ಎಂದ ಮಲ್ಕಪ್ಪ.

ಹೇಳಲಾರದಷ್ಟು ದೊಡ್ಡ ರೊಕ್ಕ ಎಂದು ಊರು ತಿಳಿಯಿತು. ಸಂಜೆಯ ಹೊತ್ತಿಗೆ ಮಲ್ಕಪ್ಪನ ಹೊಲದಲ್ಲಿ ನಿಜಾಮರ ಕಾಲದ ಹೊನ್ನಿನ ಹಂಡೆ ಸಿಕ್ಕಿದ್ದು ಖಾತ್ರಿಯಾಯಿತು. ಪಕ್ಕದ ಮನೆಯ ಬಸವೇಶ್ವರಿ ಬಿಸಿ ಹೋಳಿಗೆ ಹಿಡಿದು ಬಂದಳು. "ರುಕ್ಮಿಣಕ್ಕ, ನಮ್ಮ ಹುಡುಗಗ ಲೈಸೆನ್ಸ್ ಅದ. ಅಣ್ಣಾರಿಗೆ ಒಂದು ಮಾತು ಹೇಳು" ಎಂದಳು. ಲೈಸೆನ್ಸಿಗೂ ತನ್ನ ಗಂಡನಿಗೂ ಏನು ಸಂಬಂಧವೆಂದು ತಿಳಿಯದ ರುಕ್ಮಿಣಿಬಾಯಿ ಹೋಳಿಗೆ ಮಾತ್ರ ಇಸಿದುಕೊಂಡಳು. ಅದರ ಮರುದಿನ ಗ್ರಾಮ ಆಡಳಿತಾಧಿಕಾರಿ ಬೈಕ್ ನಿಲ್ಲಿಸಿ, "ಹೊಲದಾಗ ಪ್ಲ್ಯಾಂಟ್ ಇಡೋದಾದ್ರ ಮೊದಲ ಜಮೀನು ಎನ್.ಎ. ಮಾಡಸ್ರಿ, ಒಕ್ಕಲುತನದ್ದಲ್ಲ ಅಂತ ಬರಸ್ರಿ. ಆಮ್ಯಾಲ ನಮ್ಮ ಮ್ಯಾಲ ಬರಬಾರದು ನೋಡ್ರಿ" ಎಂದು ಎಚ್ಚರಿಸಿ, ಚಹಾ ಕುಡಿದು ಹೋದರು.

"ಸ್ಲ್ಯಾಬ್ ಭವನಕ್ಕ ಹಾಕೋದು. ನನ್ನ ಹೊಲಾ ಯಾಕ ಎನ್.ಎ. ಮಾಡಸಬೇಕು?" ಎಂದು ಮಲ್ಕಪ್ಪ ಯೋಚಿಸುತ್ತಿರುವಾಗ ರುಕ್ಮಿಣಿಬಾಯಿಯ ತಮ್ಮ ದಿಲೀಪ ಅಫಜಲಪುರದಿಂದ ಪೇಢೆಯ ಡಬ್ಬಿ ತಂದ. ಅಕ್ಕನ ಮನೆಯ ಹಾದಿಯನ್ನೇ ಮರೆತಿದ್ದವನು ಭಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಮಾಮಾ, ಜೇವರ್ಗಿ ಪ್ಲ್ಯಾಂಟ್ ಖರೀದಿ ಮಾಡೀರಿ, ನಮಗೊಂದು ಮಾತು ಹೇಳಲಿಲ್ಲ ನೋಡ್ರಿ. ನಿಮ್ಮ ಹಿಂದ ನಾ ಇಲ್ಲೇನು?"

ಮಲ್ಕಪ್ಪನ ಬಾಯಲ್ಲಿದ್ದ ಪೇಢೆ ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ರುಕ್ಮಿಣಿಬಾಯಿ ಗಂಡನನ್ನು ನೋಡಿದಳು. "ಒಂದು ಚೀಲ ಸಿಮೆಂಟ್ ತರ್ರಿ, ಹಿತ್ತಲ ಗ್ವಾಡಿ ಬಿದ್ದದ ಅಂತ ಯಾವತ್ತಿನಿಂದ ಹೇಳಾಕತ್ತೇನಿ. ಅದನ್ನ ತರಲಿಲ್ಲ, ಪ್ಲ್ಯಾಂಟ್ ತಂದ್ರ್ಯಾ?" ಎಂದಳು.

ಮಲ್ಕಪ್ಪ ಎದ್ದವನೇ ಮಲಂಗಸಾಬನ ಮನೆಗೆ ಓಡಿದ. ಮಲಂಗಸಾಬ ಟಂಟಂ ತೊಳೆಯುತ್ತ ಎಲ್ಲ ಕೇಳಿ, ಗಡ್ಡ ನೀವಿಕೊಂಡ.

"ಮಲ್ಕಣ್ಣ, ನೀ ಬೆರಳು ಹಿಡದಿ. ಅವ ಹೂಂ ಅಂದ. ನೀ ಕೈ ತೆಗದದ್ದು ಆಮ್ಯಾಲ. ಅಂದ್ರ ಮಾತು ಪಕ್ಕಾ ಆಗ್ಯಾದ."

"ನಾ ಒಂದು ಲಾರಿ ಮಾಲು ಕೇಳಿದ್ದೋ ಮಾರಾಯಾ."

"ಅದು ನಿನ್ನ ದಿಲ್‌ದಾಗ ಇತ್ತು. ಬೆರಳಿನಾಗ ಇರಲಿಲ್ಲ. ಪ್ಲ್ಯಾಂಟಿಗಾದ್ರ ಅದು ಲಕ್ಷದ ಲೆಕ್ಕ."

ಮಲ್ಕಪ್ಪ ಅಲ್ಲೇ ಕೂತು ಗಟ್ಟಿಯಾಗಿ ಲೆಕ್ಕ ಹಾಕಿದ. ಕೊಂಡಿಲ್ಲ ಎಂದರೆ ಟವಲಿನ ಮಾತಿಗೆ ತಪ್ಪಿದವನಾಗುತ್ತಾನೆ, ಇಷ್ಟು ವರ್ಷ ಉಳಿಸಿಕೊಂಡ ಹೆಸರು ಮಣ್ಣುಪಾಲು. ಕೊಂಡಿದ್ದೇನೆ ಎಂದರೆ ಆ ದಮ್ಮಿನ ಮುದಿ ಪ್ಲ್ಯಾಂಟನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕು. ಹೊಲ, ಮನೆ, ಟಂಟಂ ಎಲ್ಲ ಮಾರಿದರೂ ಆ ಬೆಲೆ ಹುಟ್ಟುವುದಿಲ್ಲ. ಟಂಟಂನ ಹೆಸರು ಬಂದಾಗ ಮಲಂಗಸಾಬ, "ಅದು ನಂದು" ಎಂದು ಮೆಲ್ಲಗೆ ನೆನಪಿಸಿದ.

ಇತ್ತ ಗುರುಶಾಂತನಿಗೆ ಊಟ ರುಚಿಸುತ್ತಿರಲಿಲ್ಲ. ಎತ್ತಿನ ಬಾಯಿಗೆ ಕೈ ಹಾಕುವವನು ಪ್ಲ್ಯಾಂಟಿಗೆ ಮಾಲೀಕನಾಗುವುದು, ಬೊಲೆರೊ ಇದ್ದವನು ತೊಗರಿ ತೂಗುತ್ತ ಕೂರುವುದು ಎಂದರೇನು? ತಾನೇ ಕಳಿಸಿದ್ದು ಬೇರೆ. ಮಲ್ಕಪ್ಪನಂಥವನ ಕೈಗೆ ಎಟುಕಿದೆ ಎಂದರೆ ಪ್ಲ್ಯಾಂಟ್ ಪುಕ್ಕಟೆಯ ಬೆಲೆಗೆ ಹೋಗಿರಬೇಕು ಎಂದು ಅವನ ಅಡತಿ ಬುದ್ಧಿ ಲೆಕ್ಕ ಹಾಕಿತು. ಅಲ್ಲಿಂದ ನಿದ್ದೆಯೂ ಹೋಯಿತು.

ದೌಲತರಾಯ ಬಂದಿದ್ದು ಅಮಾವಾಸ್ಯೆ ಕಳೆದ ಮೇಲೆ, ಮುಹೂರ್ತ ನೋಡಿಕೊಂಡು. ದೊಡ್ಡ ಕಾರು ಭವನದ ಮುಂದೆ ನಿಂತಿತು. ಬಿಳಿ ಪಟಗಾ ಸುತ್ತಿದ ಹಿರಿಯ ಇಳಿದು, ಕಟ್ಟೆಯ ಮೇಲಿದ್ದವರಿಗೆಲ್ಲ ಕೈ ಮುಗಿದು, "ನಮ್ಮ ಮ್ಯಾನೇಜರಗ ಟವಲಿನ ಕೆಳಗ ಕೈ ಕೊಟ್ಟವರು ಯಾರ್ರಿ?" ಎಂದ. ಊರೆಲ್ಲ ಮಲ್ಕಪ್ಪನ ಕಡೆ ತಿರುಗಿತು. ಗುರುಶಾಂತನೂ ಅಲ್ಲೇ ಇದ್ದ.

"ನಾನ್ರಿ" ಎಂದ ಮಲ್ಕಪ್ಪ.

"ಬೆರಳಿನ ವ್ಯಾಪಾರ ಮಾಡೋ ಮಂದಿ ಇನ್ನೂ ಉಳದಾರಂತ ಕೇಳಿ ಖುಷಿ ಆಯ್ತ್ರಿ. ಖರೇ ನಮ್ಮ ಹುಡುಗಗ ಬೆರಳಿನ ಲೆಕ್ಕ ಬರೂದಿಲ್ಲ. ಅವ ಏನಕ್ಕ ಹೂಂ ಅಂದಾನೋ ಅವಗ ಗೊತ್ತಿಲ್ಲ. ಮತ್ತೊಮ್ಮಿ ನನ್ನ ಕೈಗೆ ಹೇಳ್ರಿ."

ಮಲಂಗಸಾಬ ಟವಲು ಹಾಸಿದ. ಎರಡು ಕೈ ಒಳಗೆ ಹೋದವು. ಆಗ ಮಲ್ಕಪ್ಪನಿಗೆ ಬೆರಳಿನ ಭಾಷೆಯ ದೊಡ್ಡ ಕೊರತೆ ಗೊತ್ತಾಯಿತು. ಯಾವ ಬೆಲೆಯನ್ನಾದರೂ ಹೇಳಬಹುದು. 'ತಪ್ಪಾಗೇದ, ನನಗ ಬ್ಯಾಡ' ಎಂದು ಹೇಳಲು ಬೆರಳಿಲ್ಲ. ಒಂದು ಬೆರಳು ಹಿಡಿದ, ಬಿಟ್ಟ. ಎರಡು ಹಿಡಿದ, ಬಿಟ್ಟ. ಹಸ್ತವನ್ನೇ ಹಿಡಿದು ಹಿಸುಕಿದ. ದೌಲತರಾಯನ ಹುಬ್ಬು ಮೇಲಕ್ಕೆ ಹೋದವು. ಇಷ್ಟು ಬೇಗ ಬೆಲೆ ಏರಿಸುವ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಮಲ್ಕಪ್ಪನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದು ನಿಂತಿತು.

ಗುರುಶಾಂತ ಆ ಬೆವರನ್ನೇ ನೋಡುತ್ತಿದ್ದ. ಕೈಗೆ ಬಂದ ತುತ್ತು ಎಲ್ಲಿ ತಪ್ಪುತ್ತದೋ ಎಂಬ ಬೆವರು ಅದು ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ.

ಬೆವರಿನ ಹನಿ ಕಣ್ಣಿಗೆ ಇಳಿಯಿತು. ಮಲ್ಕಪ್ಪ ಒರೆಸಿಕೊಳ್ಳಲು ಕೈ ಹೊರಗೆ ತೆಗೆದ.

ಗುರುಶಾಂತನ ಕೈ ಒಳಗೆ ಹೋಯಿತು.

"ಅಧ್ಯಕ್ಷರ," ಎಂದ ಮಲ್ಕಪ್ಪ, "ಜರಾ..."

"ನೀ ಕೈ ತೆಗದೀಯೋ ಇಲ್ಲೋ?"

"ತೆಗದೇನಿ, ಖರೇ..."

"ಕೈ ತೆಗದವ ಮಾತಾಡಬಾರದು. ಕಾಯ್ದೆ ನನಗೂ ಗೊತ್ತದ."

ಕಾಯ್ದೆ ಹೌದು. ಮಲ್ಕಪ್ಪ ಬಾಯಿ ಮುಚ್ಚಿದ. ಟವಲು ಸ್ವಲ್ಪ ಹೊತ್ತು ಅಲ್ಲಾಡಿತು. ದೌಲತರಾಯ ಒಮ್ಮೆ ಆಕಾಶ ನೋಡಿದ, ಒಮ್ಮೆ ಗುರುಶಾಂತನ ಬೊಲೆರೊ ನೋಡಿದ, ಹೂಂ ಅಂದ. ಮಲಂಗಸಾಬ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹಳೆಯ ಸಂತೆಯ ದನಿಯಲ್ಲಿ, "ಮಾತು ಪಕ್ಕಾ, ಮಂದಿ ಸಾಕ್ಷಿ" ಎಂದು ಕೂಗಿ ಇಬ್ಬರಿಂದಲೂ ದಲಾಲಿ ಕೇಳಿದ. ದೌಲತರಾಯ ಕೊಟ್ಟು, ಕಾರು ಹತ್ತಿ, ಗುರುಶಾಂತನಿಗೆ ಮನಸ್ಸು ಬದಲಾಗುವ ಮೊದಲೇ ಊರು ದಾಟಿದ.

ಗುರುಶಾಂತ ಜೇವರ್ಗಿಗೆ ಹೋಗಿ ತನ್ನ ಪ್ಲ್ಯಾಂಟನ್ನು ಮೊದಲ ಸಲ ಕಂಡಿದ್ದು ಅದಾದ ಮೇಲೆ. ಹೋಗುವಾಗ ಬೊಲೆರೊದಲ್ಲಿ ಹಾಡು ಹಾಕಿದ್ದ, ಬರುವಾಗ ಹಾಕಿರಲಿಲ್ಲ. ಮಾತಿನಿಂದ ಹಿಂದೆ ಸರಿಯುವಂತೆಯೂ ಇರಲಿಲ್ಲ. ಟವಲಿನ ಮಾತಿಗೆ ತಪ್ಪಿದ ಅಡತಿ ಅಂಗಡಿಗೆ ಯಾವ ರೈತನೂ ತೊಗರಿ ಇಳಿಸುವುದಿಲ್ಲ.

ಮಲ್ಕಪ್ಪನ ಮನೆಗೆ ಹೋಳಿಗೆ ಬರುವುದು ನಿಂತಿತು, ದಿಲೀಪನಿಗೆ ಅಫಜಲಪುರದಲ್ಲಿ ಅರ್ಜೆಂಟ್ ಕೆಲಸ ಬಂತು. ಆದರೆ ಹೋಟೆಲ್ಲಿನ ಕುರ್ಚಿ ಹೋಗಲಿಲ್ಲ. ಅಂಥ ಪ್ಲ್ಯಾಂಟನ್ನು ಅಂಗೈಯಲ್ಲಿ ಹಿಡಿದು, ಅಧ್ಯಕ್ಷನ ಕೊರಳಿಗೆ ಕಟ್ಟಿ ಕೈ ತೆಗೆದವನು ಎಂದು ಊರು ಅವನನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿತು. ಕೈ ತೆಗೆದದ್ದು ಬೆವರಿಗೆ ಎಂದು ಮಲ್ಕಪ್ಪ ಎಷ್ಟು ಸಲ ಹೇಳಿದರೂ ಯಾರೂ ನಂಬಲಿಲ್ಲ. ಒಬ್ಬ ಬಂದು, ಹಳೆಯ ಜೆಸಿಬಿ ಕೊಳ್ಳುವವನಿದ್ದೇನೆ, ಬಂದು ನೋಡಿ ಹೇಳಬೇಕು ಎಂದು ಕರೆದ. ಜೆಸಿಬಿಯ ಬಕೆಟ್ಟಿಗೆ ನಿಜಕ್ಕೂ ಹಲ್ಲುಗಳಿದ್ದವು. ಮಲ್ಕಪ್ಪ ಅಂದು ಮನೆಗೆ ಬಂದು, "ಕಾಲ ಸುಧಾರಿಸಾಕತ್ತೇದ ಬೇ" ಎಂದು ಹೆಂಡತಿಗೆ ಹೇಳಿ ಎರಡು ರೊಟ್ಟಿ ಹೆಚ್ಚು ತಿಂದ.

ಕೊನೆಗೆ ಕಮಿಟಿಯ ಸಭೆ ಕೂಡಿತು. ಇಂಜಿನಿಯರ್ ಅರುಣಕುಮಾರನೂ ಬಂದಿದ್ದ. ಗುರುಶಾಂತ ಅಧ್ಯಕ್ಷರ ಕುರ್ಚಿಯಲ್ಲಿ ನೆಲ ನೋಡುತ್ತ ಕೂತಿದ್ದ. ಮಲ್ಕಪ್ಪ ಎದ್ದು ನಿಂತು, ಮೂರೂ ಪ್ಲ್ಯಾಂಟುಗಳ ನಿಲುವು, ಉಸಿರು, ಹೊಟ್ಟೆ, ಹಲ್ಲು ಒಂದೊಂದಾಗಿ ವಿವರಿಸಿದ. ಜೇವರ್ಗಿಯ ಸರದಿ ಬಂದಾಗ ತಡೆದು, ಗುರುಶಾಂತನ ಮುಖ ನೋಡಿದ.

"ಹೇಳು, ಹೇಳು" ಎಂದ ಗುರುಶಾಂತ.

"ಅಧ್ಯಕ್ಷರ, ಛತ್ತು ಬಿರುಕು ಬಿಟ್ರ ನನ್ನ ಹೆಸರು ಹೇಳಲಿ ಅಂತ ಕಳಿಸಿದ್ರಿ. ನನ್ನ ಹೆಸರು ಏನದರಿ, ಹೋದ್ರ ಹೋಗ್ತದ. ಈಗ ಜೇವರ್ಗಿ ಮಾಲು ಹಾಕಿ ಬಿರುಕು ಬಿಟ್ರ ಮಂದಿ ನಿಮ್ಮ ಹೆಸರು ಹೇಳ್ತಾರ. ಅದಕ್ಕ ನಾ ಆಳಂದದ್ದು ಅಂತೇನಿ."

ಯಾರೂ ನಗಲಿಲ್ಲ. ಮೊಣಕಾಲು ನೋವಿನ ಸದಸ್ಯ ಕೆಮ್ಮಿದ. ಗುರುಶಾಂತ ಮೊಬೈಲ್ ತೆಗೆದು ಆಳಂದದ ಪ್ಲ್ಯಾಂಟಿಗೆ ತಾನೇ ಫೋನ್ ಹಚ್ಚಿದ. ಸಭೆಯಲ್ಲಿ ಸದ್ದಿಲ್ಲದ್ದರಿಂದ ಆ ಕಡೆಯ ಮ್ಯಾನೇಜರನ ಮಾತು ಎಲ್ಲರಿಗೂ ಕೇಳಿಸಿತು.

"ಕೊಡೋಣ್ರಿ ಸಾಹೇಬರ. ಖರೇ, ನಿಮ್ಮದ ಒಂದು ಪ್ಲ್ಯಾಂಟ್ ಅದ ಅಂತ ಕೇಳಿದ್ದೆ?"

ಗುರುಶಾಂತ ಒಮ್ಮೆ ಮಲ್ಕಪ್ಪನ ಕಡೆ ನೋಡಿದ, ಒಮ್ಮೆ ಹೊರಗಿನ ಬೊಲೆರೊ ಕಡೆ ನೋಡಿದ.

"ಅದರಿ... ಅದಕ್ಕ ಜರಾ ಮೈಯಾಗ ಆರಾಮ ಇಲ್ಲರಿ" ಎಂದ.